ಒಂದು ಜಾಗ, ಮೂರು ಬೇಸಿಗೆ: ಕೊಪ್ಪಳದ ಪಾರ್ಕು, ಹಳ್ಳ, ಗುಡ್ಡಗಳನ್ನು ನಾವೇ ನೋಡಿಕೊಳ್ಳುವುದು ಹೇಗೆ

ಕೆಲವು ವರ್ಷಗಳ ಹಿಂದೆ ಜೂನ್ 5ರ ಪರಿಸರ ದಿನದಂದು ನಾವು ಐದಾರು ಗೆಳೆಯರು ಸೇರಿ ನಮ್ಮ ಬಡಾವಣೆಯ ಪಾರ್ಕಿನಲ್ಲಿ ನಲವತ್ತು ಸಸಿ ನೆಟ್ಟೆವು. ಫೋಟೊ ತೆಗೆಸಿಕೊಂಡೆವು, ಚಹಾ ಕುಡಿದೆವು, ಮನೆಗೆ ಹೋದೆವು. ಮಳೆ ಬರಲಿಲ್ಲ. ಬೇಲಿ ಇರಲಿಲ್ಲ. ಆಡುಗಳು ಬಂದವು. ಶ್ರಾವಣದ ಹೊತ್ತಿಗೆ ಉಳಿದದ್ದು ಮೂರೇ ಬೇವಿನ ಸಸಿ. ಅವನ್ನು ಉಳಿಸಿದ್ದು ನಾವಲ್ಲ. ಎದುರು ಮನೆಯ ಅಜ್ಜಿ ದಿನಾ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ತಂದು ಹಾಕಿದ್ದರು. ಯಾರೂ ಅವರಿಗೆ ಹೇಳಿರಲಿಲ್ಲ.

ಆಮೇಲೆ ನಾವು ಬೇರೆ ರೀತಿ ಕೆಲಸ ಮಾಡಲು ಕಲಿತೆವು. ನಿಮ್ಮೂರಿನಲ್ಲೂ ಇಂಥ ಕೆಲಸ ಶುರು ಮಾಡಬೇಕು ಅಂತಿದ್ದರೆ, ನಮಗೆ ಮೊದಲೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸಿದ ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಹತ್ತು ಕಡೆ ಒಂದೊಂದು ದಿನ ಹೋಗಬೇಡಿ. ಒಂದೇ ಕಡೆ ಮೂರು ಬೇಸಿಗೆ ಹೋಗಿ. ಮೂರು ಬೇಸಿಗೆ ದಾಟಿದ ಗಿಡ ನಮ್ಮ ಬಿಸಿಲಿನಲ್ಲಿ ಹೆಚ್ಚುಕಡಿಮೆ ತಾನೇ ಬದುಕುತ್ತದೆ.

ಜಾಗ ಆರಿಸಿಕೊಳ್ಳುವುದು

ಮನೆಯಿಂದ ಹತ್ತು ನಿಮಿಷದಲ್ಲಿ ನಡೆದು ಹೋಗುವಂಥ ಜಾಗ ಇರಲಿ. ಗಾಡಿ ತೆಗೆದುಕೊಂಡು ಹೋಗುವ ಜಾಗವಾದರೆ ನಾಲ್ಕನೇ ವಾರಕ್ಕೆ ಜನ ಕಡಿಮೆಯಾಗುತ್ತಾರೆ. ಬಡಾವಣೆಯ ಪಾರ್ಕು ಆಗಬಹುದು, ಶಾಲೆಯ ಹಿಂದಿನ ಬಯಲು, ಕೆರೆಯ ಏರಿ, ಹಳ್ಳದ ದಂಡೆ, ಸ್ಮಶಾನದ ಅಂಚು ಆಗಬಹುದು. ಆರು ಜನ ಒಂದು ಬೆಳಿಗ್ಗೆ ಪೂರ್ತಿ ಸುತ್ತಿ ನೋಡಲು ಆಗುವಷ್ಟೇ ದೊಡ್ಡದಿರಲಿ.

ಕೊಪ್ಪಳದಲ್ಲಿ ಈ ಮಾತು ತೆಗೆದರೆ ಎಲ್ಲರೂ ಹಿರೇಹಳ್ಳದ ಹೆಸರು ಹೇಳುತ್ತಾರೆ. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತು, ಜಾಲಿ ಮತ್ತು ಹೂಳಿನಿಂದ ಮುಚ್ಚಿಹೋಗಿದ್ದ ಹಳ್ಳವನ್ನು ಸುಮಾರು 26 ಕಿ.ಮೀ. ಉದ್ದಕ್ಕೂ ಸ್ವಚ್ಛ ಮಾಡಿಸಿದರು. ದಂಡೆಯ ಊರುಗಳ ಜನ ಬಂದು ಕೈಜೋಡಿಸಿದರು. ನಮಗೆಲ್ಲ ಹುರುಪು ಬಂದದ್ದೇ ಅದನ್ನು ನೋಡಿ. ಆದರೆ ಅಷ್ಟು ದೊಡ್ಡ ಕೆಲಸಕ್ಕೆ ಅಂಥ ಮಠದ ಬಲ ಬೇಕು, ಯಂತ್ರ ಬೇಕು, ದುಡ್ಡು ಬೇಕು. ನೀವು ಆರು ಜನ ಇದ್ದರೆ ಅದೇ ಹಳ್ಳದ ನೂರು ಅಡಿ ದಂಡೆ ಹಿಡಿಯಿರಿ. ಸ್ವಚ್ಛವಾದ ದಂಡೆಯಲ್ಲಿ ಜಾಲಿ ಮತ್ತೆ ಮೊಳೆಯದಂತೆ ಕಾಯುವ ಕೆಲಸಕ್ಕೆ ನೂರು ಅಡಿಯೂ ಸಾಕಷ್ಟು ದೊಡ್ಡದು.

ಜಾಗ ಗೊತ್ತಾದ ಮೇಲೆ ಸಲಿಕೆ ಹಿಡಿಯುವ ಮೊದಲು ನಾಲ್ಕು ಸಲ ಬರಿಗೈಯಲ್ಲಿ ಹೋಗಿ. ಒಮ್ಮೆ ಬೆಳಗಿನ ಜಾವ, ಒಮ್ಮೆ ಮಧ್ಯಾಹ್ನ, ಒಮ್ಮೆ ಸಂಜೆ, ಒಮ್ಮೆ ಸಂತೆಯ ದಿನ. ಸುಮ್ನೆ ಕೂತು ನೋಡಿ. ಯಾರು ದನ ಕಟ್ಟುತ್ತಾರೆ, ಯಾರು ಮಲಗುತ್ತಾರೆ, ನೀರು ಎಲ್ಲಿ ನಿಲ್ಲುತ್ತದೆ, ಬಾಟಲಿ ಎಲ್ಲಿ ಬೀಳುತ್ತವೆ? ಖಾಲಿ ಬಿದ್ದಿದೆ ಅಂತ ನಾವು ಅಂದುಕೊಂಡ ಜಾಗ ಎಂದೂ ಖಾಲಿ ಇರುವುದಿಲ್ಲ.

ನಾವು ಪಾರ್ಕಿನ ಹಿಂದಿನ ಜಾಲಿ ಪೊದೆ ತೆಗೆಯಬೇಕು ಅಂತ ಅಳತೆ ಮಾಡುತ್ತಿದ್ದಾಗ ತಲೆಯ ಮೇಲೆ ಕಟ್ಟಿಗೆ ಹೊರೆ ಹೊತ್ತ ಒಬ್ಬ ಹೆಣ್ಣುಮಗಳು ನಿಂತು ಕೇಳಿದರು: "ತಮ್ಮಾ, ಇದನ್ನೆಲ್ಲಾ ಒಮ್ಮೆಲೆ ಕಡದ್ರ ನಮ್ಮ ಒಲಿಗೆ ಏನ್ ಹಾಕೂಣು?" ನಮ್ಮಲ್ಲಿ ಉತ್ತರ ಇರಲಿಲ್ಲ. "ಯವ್ವಾ, ನೀವ ಹೇಳ್ರಿ, ಹೆಂಗ ಮಾಡೂಣು?" ಎಂದೆವು. ಆಕೆಯೇ ದಾರಿ ಹೇಳಿದರು. ಒಂದೊಂದು ಸಲ ಒಂದೊಂದು ಪಟ್ಟಿ ತೆಗೆಯುವುದು, ಕಡಿದ ಕಟ್ಟಿಗೆಯನ್ನು ದಾರಿ ಬದಿ ಒಟ್ಟುವುದು, ಬೇಕಾದವರು ಒಯ್ಯುವುದು. ನಮಗೆ ಕಟ್ಟಿಗೆ ಸಾಗಿಸುವ ಖರ್ಚೂ ಉಳಿಯಿತು.

ಜಾಗ ಯಾರದು ಅಂತ ತಿಳಿದುಕೊಳ್ಳಿ

ಸಾರ್ವಜನಿಕ ಜಾಗಕ್ಕೂ ಒಬ್ಬ ಒಡೆಯ ಇರುತ್ತಾನೆ. ಅದನ್ನು ಕೇಳದೆ ಕೆಲಸ ಶುರು ಮಾಡಿದರೆ ಒಂದು ದಿನ ಯಾರಾದರೂ ಬಂದು ನಿಲ್ಲಿಸುತ್ತಾರೆ. ಮೊಬೈಲಿನಲ್ಲಿ ಸರ್ಕಾರದ 'ದಿಶಾಂಕ್' ಆ್ಯಪ್ ಹಾಕಿಕೊಂಡು ಆ ಜಾಗದಲ್ಲಿ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ. ಆ ನಂಬರಿನ ಪಹಣಿ ತೆಗೆಸಿ. 'ಬ' ಖರಾಬು ಅಂತಿದ್ದರೆ ಅದು ದಾರಿ, ಹಳ್ಳ, ಕೆರೆ, ಸ್ಮಶಾನದಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ.

ಊರೊಳಗಿನ ಪಾರ್ಕು ಸಾಮಾನ್ಯವಾಗಿ ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯದು. ನಗರಸಭೆಯಾದರೆ ಪೌರಾಯುಕ್ತರಿಗೆ, ಉಳಿದ ಎರಡರಲ್ಲಿ ಮುಖ್ಯಾಧಿಕಾರಿಗೆ ಪತ್ರ ಬರೆಯಬೇಕು. ಹಳ್ಳಿಯಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಹೋಗಿ. ಗೋಮಾಳ ಕಂದಾಯ ಇಲಾಖೆಗೆ ಸೇರಿದ್ದು, ಅದಕ್ಕೆ ತಹಶೀಲ್ದಾರರು. ಕಾಡು, ಕುರುಚಲು ಗುಡ್ಡ ಅರಣ್ಯ ಇಲಾಖೆಯದಾಗಿದ್ದರೆ ವಲಯ ಅರಣ್ಯಾಧಿಕಾರಿ. ಕೆರೆಗಳದು ಸ್ವಲ್ಪ ಗೋಜಲು. ಕೆಲವು ಗ್ರಾಮ ಪಂಚಾಯಿತಿಯ ಕೈಲಿ, ಕೆಲವು ಸಣ್ಣ ನೀರಾವರಿಯ ಕೈಲಿ ಇರುತ್ತವೆ.

ನಮ್ಮನ್ನು ಒಂದು ಕಚೇರಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೆ ಮೊದಲನೆಯದಕ್ಕೆ ಮೂರು ಸಲ ಓಡಾಡಿಸಿದರು. ಆಗ ಬೇಜಾರಾಗಿತ್ತು. ಬಾಯಿಮಾತಿನಲ್ಲಿ ಕೇಳಿದ್ದು ನಮ್ಮ ತಪ್ಪು ಅಂತ ಆಮೇಲೆ ಗೊತ್ತಾಯಿತು. ಒಂದೇ ಪುಟದ ಪತ್ರ ಬರೆಯಿರಿ. ಜಾಗ ಯಾವುದು, ಸರ್ವೆ ನಂಬರ್ ಎಷ್ಟು, ಯಾವ ವಾರ ಎಷ್ಟು ಗಂಟೆಗೆ ಬರುತ್ತೀರಿ, ಏನೇನು ಮಾಡುತ್ತೀರಿ, ಏನನ್ನು ಮಾಡುವುದಿಲ್ಲ. ಈ ಕೊನೆಯದು ಮುಖ್ಯ. "ಯಾವುದೇ ಕಟ್ಟಡ ಕಟ್ಟುವುದಿಲ್ಲ, ಬೋರ್ಡಿನಲ್ಲಿ ಹೆಸರು ಹಾಕಿಸಿಕೊಳ್ಳುವುದಿಲ್ಲ, ದೇಣಿಗೆ ಎತ್ತುವುದಿಲ್ಲ, ಮರ ಕಡಿಯುವುದಿಲ್ಲ" ಎಂದು ಬರೆದರೆ ಅಧಿಕಾರಿಗಳ ಅರ್ಧ ಅನುಮಾನ ಅಲ್ಲೇ ಹೋಗುತ್ತದೆ. ಜಾಲಿ ತೆಗೆಯುವುದಿದ್ದರೆ ಅದನ್ನು ಬೇರೆಯಾಗಿ ಹೆಸರು ಹಾಕಿ ಕೇಳಿ. ಕೊನೆಗೆ ಅವರಿಂದ ನಿಮಗೆ ಬೇಕಾದ ಒಂದೇ ಒಂದು ವಿಷಯ ಕೇಳಿ. ನಾವು ಕೇಳಿದ್ದು ಭಾನುವಾರ ಒಂಬತ್ತೂವರೆಗೆ ಕಸದ ಗಾಡಿ. ಪತ್ರವನ್ನು ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

ಪಾರ್ಕಿನ ಜಾಗ ಒತ್ತುವರಿಯಾಗುತ್ತಿದೆ ಅನ್ನಿಸಿದರೆ, ಕರ್ನಾಟಕದಲ್ಲಿ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ರಕ್ಷಣೆಗೆ 1985ರ ಕಾಯ್ದೆಯೇ ಇದೆ ಎಂಬುದು ನೆನಪಿರಲಿ. ಜಗಳಕ್ಕೆ ನೀವೇ ಇಳಿಯಬೇಡಿ. ಬರಹದಲ್ಲಿ ದೂರು ಕೊಡಿ, ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಕರೆ ಮಾಡಿ ದಾಖಲಿಸಿ.

ಪಾರ್ಕಿನ ಮಾಲಿ ಮತ್ತು ಆ ವಾರ್ಡಿನ ಪೌರಕಾರ್ಮಿಕರನ್ನು ಮೊದಲ ದಿನವೇ ಮಾತಾಡಿಸಿ. ಅವರು ವರ್ಷಗಳಿಂದ ಮಾಡುತ್ತಿರುವ ಕೆಲಸಕ್ಕೆ ನಾವು ನೆರವಾಗಲು ಬಂದಿದ್ದೇವೆ ಎಂಬುದು ಅವರಿಗೆ ಗೊತ್ತಾಗಬೇಕು. ನಲ್ಲಿಯ ವಾಲ್ವ್ ಎಲ್ಲಿದೆ, ಹಾವಿನ ಹುತ್ತ ಎಲ್ಲಿದೆ ಎಂಬುದೂ ಅವರಿಗೇ ಗೊತ್ತು.

ಮೊದಲ ಭಾನುವಾರ

ಬೆಳಿಗ್ಗೆ ಆರೂವರೆಗೆ ಶುರು, ಎಂಟೂವರೆಗೆ ಮುಕ್ತಾಯ. ಮಾರ್ಚ್‌ನಿಂದ ಮೇವರೆಗೆ ಆರಕ್ಕೇ ಶುರು ಮಾಡಿ. ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ ಎಂಟರ ಮೇಲೆ ಬಗ್ಗಿ ಕೆಲಸ ಮಾಡುವುದು ಬೇಡ. ಎರಡು ಗಂಟೆ ಕೆಲಸ ಕಡಿಮೆ ಅನ್ನಿಸಬಹುದು. ಆದರೆ ಎರಡೇ ಗಂಟೆ ಆದ್ದರಿಂದ ಜನ ಮುಂದಿನ ವಾರವೂ ಬರುತ್ತಾರೆ.

ಸಾಮಾನು ಜಾಸ್ತಿ ಏನೂ ಬೇಡ. ಎರಡು ಸಲಿಕೆ, ಎರಡು ಗುದ್ದಲಿ, ಒಂದು ಹಾರೆ, ನಾಲ್ಕು ಕುಡಗೋಲು, ಮೂರು ಬಾಂಡ್ಲಿ, ಖಾಲಿ ಸಿಮೆಂಟ್ ಚೀಲಗಳು. ಎಲ್ಲರಿಗೂ ಚರ್ಮದ ಕೈಗವಸು, ಬೂಟು. ಚಪ್ಪಲಿ ಹಾಕಿಕೊಂಡು ಬಂದವರಿಗೆ ನೀರು ಹಾಕುವ ಕೆಲಸ ಕೊಡಿ, ಪೊದೆಯ ಹತ್ತಿರ ಬಿಡಬೇಡಿ. ಕಲ್ಲು, ತೊಗಟೆ, ಒಣ ಎಲೆಯ ರಾಶಿ ಎತ್ತುವ ಮೊದಲು ಕೋಲಿನಿಂದ ಅಲುಗಾಡಿಸಿ. ಕೆಳಗೆ ಚೇಳು ಇರಬಹುದು, ಮಂಡಲದ ಹಾವು ಇರಬಹುದು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಾಡಿಸದಂತೆ ಮಲಗಿಸಿ 108ಕ್ಕೆ ಫೋನ್ ಮಾಡಿ, ನೇರ ಜಿಲ್ಲಾ ಆಸ್ಪತ್ರೆಗೆ ಒಯ್ಯಿರಿ.

ಕಸವನ್ನು ಮೂರು ಚೀಲ ಮಾಡಿ. ಒಡೆದ ಗಾಜು ಒಂದರಲ್ಲಿ, ಪ್ಲಾಸ್ಟಿಕ್ ಒಂದರಲ್ಲಿ, ಬಾಟಲಿ ಮತ್ತು ಡಬ್ಬಿ ಒಂದರಲ್ಲಿ. ಗಾಜಿನ ಚೀಲದ ಮೇಲೆ ದೊಡ್ಡದಾಗಿ 'ಗಾಜು' ಎಂದು ಬರೆಯಿರಿ. ಅದನ್ನು ಎತ್ತುವ ಪೌರಕಾರ್ಮಿಕರ ಕೈ ಕೊಯ್ಯಬಾರದು ಅಲ್ವಾ? ಒಣ ಎಲೆ ಕಸವಲ್ಲ, ಅದನ್ನು ಮೂಲೆಯ ಗುಣಿಗೆ ಹಾಕಿ. ಏನನ್ನೂ ಸುಡಬೇಡಿ. ಪ್ಲಾಸ್ಟಿಕ್ಕಿನ ಹೊಗೆ ಪಕ್ಕದ ಮನೆಯ ಮಕ್ಕಳ ಎದೆಗೆ ಹೋಗುತ್ತದೆ, ಎಲೆ ಸುಟ್ಟರೆ ಆ ಮಣ್ಣಿಗೆ ಸೇರಬೇಕಾದ ಗೊಬ್ಬರ ಬೂದಿಯಾಗುತ್ತದೆ.

ಕೆಲಸ ಮುಗಿದ ಮೇಲೆ ಎಲ್ಲರೂ ಕೂತು ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನಿ. ಇದನ್ನು ನಾನು ಹೆಜ್ಜೆಗಳಲ್ಲೇ ಸೇರಿಸುತ್ತೇನೆ. ನಮ್ಮ ಗುಂಪಿನ ಎಲ್ಲ ಒಳ್ಳೆಯ ಯೋಚನೆಗಳೂ ಆ ಪೇಪರಿನ ಪೊಟ್ಟಣದ ಸುತ್ತ ಹುಟ್ಟಿವೆ.

ಬಳ್ಳಾರಿ ಜಾಲಿ, ಕಾಂಗ್ರೆಸ್ ಗಿಡ

ನಮ್ಮ ಕಡೆ ಖಾಲಿ ಜಾಗದ ಕೆಲಸ ಅಂದರೆ ಮುಕ್ಕಾಲು ಪಾಲು ಬಳ್ಳಾರಿ ಜಾಲಿಯ ಜೊತೆಗಿನ ಕೆಲಸ. ಹೆಸರು ಬಳ್ಳಾರಿಯದಾದರೂ ಗಿಡ ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆಯದು. 19ನೇ ಶತಮಾನದಲ್ಲಿ ಉರುವಲಿಗೆ, ಬರದ ಭೂಮಿಗೆ ಹಸಿರಾಗಲಿ ಅಂತ ಭಾರತಕ್ಕೆ ತಂದರು. ದನ, ಆಡು ಅದರ ಸಿಹಿ ಕಾಯಿ ತಿನ್ನುತ್ತವೆ, ಸಗಣಿಯಲ್ಲಿ ಬೀಜ ಹೋದಲ್ಲೆಲ್ಲ ಗಿಡ ಏಳುತ್ತದೆ. ಅದರ ಕೆಳಗೆ ಬೇರೆ ಹುಲ್ಲು, ಗಿಡ ಬೆಳೆಯುವುದು ಕಷ್ಟ.

ಕುಡಗೋಲು ಎತ್ತುವ ಮೊದಲು ಗಿಡದ ಗುರುತು ಹಿಡಿಯಲು ಕಲಿಯಿರಿ. ನಮ್ಮದೇ ಬನ್ನಿ, ಕರಿಜಾಲಿಗಳನ್ನು ಬಳ್ಳಾರಿ ಜಾಲಿ ಅಂತ ಕಡಿದುಹಾಕಿದ್ದನ್ನು ನಾನು ನೋಡಿದ್ದೇನೆ. ಒಂದು ಕೊಂಬೆ ಹಿಡಿದು ಹತ್ತಿರದಿಂದ ನೋಡಿ. ಬಳ್ಳಾರಿ ಜಾಲಿಯ ಮುಳ್ಳು ಎಲೆ ಹೊರಡುವ ಗೆಣ್ಣಿನಲ್ಲೇ ಇರುತ್ತದೆ, ಹೆಚ್ಚಾಗಿ ಜೋಡಿಯಾಗಿ. ಹೂವು ಬೆರಳುದ್ದದ ಹಳದಿ ತೆನೆ, ಕಾಯಿ ಹಣ್ಣಾದಾಗ ಹಳದಿ. ಬನ್ನಿಯ ಮುಳ್ಳು ಗಿಡ್ಡ, ಅದು ಗೆಣ್ಣು ಗೆಣ್ಣುಗಳ ನಡುವೆ ಕೊಂಬೆಯ ಉದ್ದಕ್ಕೂ ಚೆಲ್ಲಿದಂತೆ ಇರುತ್ತದೆ. ಕರಿಜಾಲಿಯ ಹೂವು ದುಂಡನೆಯ ಹಳದಿ ಗುಂಡು, ಕಾಯಿ ಮಣಿ ಪೋಣಿಸಿದ ಸರದಂತೆ ಬೀಜ ಬೀಜಕ್ಕೂ ಕಿರಿದಾಗಿರುತ್ತದೆ. ಅನುಮಾನ ಬಂದರೆ ಕಡಿಯಬೇಡಿ, ಆ ಗಿಡಕ್ಕೆ ಒಂದು ಬಟ್ಟೆ ಚೂರು ಕಟ್ಟಿ, ಗೊತ್ತಿದ್ದವರಿಗೆ ತೋರಿಸಿ.

ತೆಗೆಯಲು ಒಳ್ಳೆಯ ಕಾಲ ನವೆಂಬರ್‌ನಿಂದ ಫೆಬ್ರವರಿ. ಬೇಸಿಗೆಯಲ್ಲಿ ಕಾಯಿ ಹಣ್ಣಾಗಿ ಉದುರುವ ಮೊದಲೇ ಕೆಲಸ ಆಗಬೇಕು. ಮಳೆಗಾಲದಲ್ಲಿ ಹಕ್ಕಿಗಳು ಅದರಲ್ಲೇ ಗೂಡು ಕಟ್ಟುತ್ತವೆ. ಉಳಿದ ತಿಂಗಳಲ್ಲೂ ಪೊದೆಯೊಳಗೆ ಒಮ್ಮೆ ಇಣುಕಿ ನೋಡಿ. ಬೆಳವದ ಗೂಡಿಗೆ ಕಾಲದ ಹಂಗಿಲ್ಲ.

ಮೊದಲು ಉದ್ದ ಹಿಡಿಯ ಮಚ್ಚಿನಿಂದ ಹೊರಗಿನ ಕೊಂಬೆಗಳನ್ನು ಕಡಿಯಿರಿ. ಬುಡ ಕಂಡ ಮೇಲೆ ಸುತ್ತ ಒಂದು ಅಡಿ ಅಗೆಯಿರಿ. ನೆಲದ ಮಟ್ಟಕ್ಕೆ ಕಡಿದು ಬಿಟ್ಟರೆ ಏನೂ ಪ್ರಯೋಜನ ಇಲ್ಲ. ಮೊದಲು ಒಂದು ಕಾಂಡ ಇದ್ದಲ್ಲಿ ಮುಂದಿನ ಮಳೆಗೆ ಎಂಟು ಕಾಂಡ ಬರುತ್ತವೆ. ಕಾಂಡ ಮತ್ತು ಬೇರು ಕೂಡುವ ಗಡ್ಡೆಯಂಥ ಭಾಗ ನೆಲದೊಳಗೆ ಇರುತ್ತದೆ, ಚಿಗುರು ಬರುವುದು ಅಲ್ಲಿಂದ. ಅದನ್ನು ಹಾರೆಯಿಂದ ಮೀಟಿ ಪೂರ್ತಿ ತೆಗೆಯಬೇಕು. ಬೆರಳು ಗಾತ್ರದ ಮರಿಗಳನ್ನು ಮಳೆ ಬಂದ ಮಾರನೇ ದಿನ ಕೈಯಲ್ಲೇ ಕೀಳಬಹುದು. ಒದ್ದೆ ಮಣ್ಣು ಸುಲಭವಾಗಿ ಬಿಡುತ್ತದೆ. ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ, ಆದ್ದರಿಂದ ಪ್ರತಿ ಮಳೆಗಾಲವೂ ಹೋಗಬೇಕು. ಮುಳ್ಳು ಚುಚ್ಚಿದರೆ ಅಲಕ್ಷ್ಯ ಮಾಡಬೇಡಿ, ಸೋಪು ಹಾಕಿ ತೊಳೆದು ಟಿಟಿ ಇಂಜೆಕ್ಷನ್ ತೆಗೆದುಕೊಳ್ಳಿ.

ಹಳ್ಳದ ದಂಡೆ, ಗುಡ್ಡದ ಇಳಿಜಾರಿನಲ್ಲಿ ಪೂರ್ತಿ ಬೋಳು ಮಾಡಬೇಡಿ. ಮಣ್ಣು ಕೊಚ್ಚಿಕೊಂಡು ಹೋಗುತ್ತದೆ. ಒಂದು ಪಟ್ಟಿ ತೆಗೆದು, ಅಲ್ಲಿ ನಮ್ಮ ಗಿಡ ಬೇರೂರಿದ ಮೇಲೆ ಪಕ್ಕದ ಪಟ್ಟಿಗೆ ಕೈ ಹಾಕಿ.

ಕಾಂಗ್ರೆಸ್ ಗಿಡದ ವಿಷಯ ಸುಲಭ. ಬಿಳಿ ಹೂವು ಬರುವ ಮೊದಲು ಬೇರು ಸಮೇತ ಕೀಳಿ, ಕೈಗವಸು ಮತ್ತು ಮಾಸ್ಕ್ ಹಾಕಿಕೊಳ್ಳಿ. ಅಲರ್ಜಿ, ಉಬ್ಬಸ ಇರುವವರು ದೂರ ಇರಲಿ. ಅದರ ಎಲೆಯ ಮೇಲೆ ಹಳದಿ ಮೈಗೆ ಕಪ್ಪು ಗೆರೆಯ ಪುಟ್ಟ ದುಂಬಿ ಕಂಡರೆ ಆ ಗಿಡಗಳನ್ನು ಬಿಟ್ಟುಬಿಡಿ. ಅದು ಈ ಗಿಡ ತಿನ್ನಲೆಂದೇ ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿಯ ಸಂತತಿ. ಅದು ತನ್ನ ಕೆಲಸ ಮಾಡಲಿ.

ಸಸಿ ನೆಡುವುದು, ಉಳಿಸುವುದು

ನಮ್ಮ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಅದರಲ್ಲೂ ಆಗಸ್ಟ್, ಸೆಪ್ಟೆಂಬರ್ ಮಳೆಯೇ ಗಟ್ಟಿ. ಹಾಗಾಗಿ ಜೂನ್ 5ಕ್ಕೆ ಬಂದವರಿಗೆ ತೋಡಿಟ್ಟ ಗುಣಿ ತೋರಿಸಿ, ಸಸಿ ನೆಡುವುದು ಎರಡು ಒಳ್ಳೆಯ ಮಳೆ ಬಿದ್ದ ಮೇಲೆ.

ಗುಣಿಯನ್ನು ಏಪ್ರಿಲ್-ಮೇನಲ್ಲೇ ತೋಡಿ, ಬಿಸಿಲಿಗೆ ಬಿಡಿ. ಉದ್ದ, ಅಗಲ, ಆಳ ಎರಡೆರಡು ಅಡಿ. ಮಸಾರಿ (ಕೆಂಪು) ನೆಲವಾದರೆ ಕೆರೆಯ ಹೂಳು ಮತ್ತು ತಿಪ್ಪೆ ಗೊಬ್ಬರ ಕಲಸಿ. ಎರೆ (ಕಪ್ಪು) ನೆಲವಾದರೆ ಸ್ವಲ್ಪ ಗರಸು ಸೇರಿಸಿ, ಇಲ್ಲದಿದ್ದರೆ ಮಳೆಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಬೇವು, ಹೊಂಗೆ, ಹುಣಸೆ, ಬನ್ನಿ, ಬೋರೆ, ಅತ್ತಿ ನಮ್ಮ ನೆಲಕ್ಕೆ ಒಗ್ಗಿದ ಮರಗಳು. ಆಲ, ಅರಳಿಗೆ ವಿಶಾಲವಾದ ಜಾಗ ಬೇಕು, ಗೋಡೆಯ ಹತ್ತಿರ ಬೇಡ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿ ಕಡಿಮೆ ದರಕ್ಕೆ ಸಿಗುತ್ತವೆ. ಎದೆಮಟ್ಟದ ಸಸಿ ಆರಿಸಿ. ನಲವತ್ತು ಪುಟ್ಟ ಸಸಿಗಿಂತ ಹತ್ತು ದೊಡ್ಡ ಸಸಿ ಮೇಲು.

ಬೇಲಿಗೆ ದುಡ್ಡು ಖರ್ಚು ಮಾಡಬೇಡಿ. ಕಡಿದ ಜಾಲಿಯ ಮುಳ್ಳುಕೊಂಬೆಗಳನ್ನೇ ಸುತ್ತ ಚುಚ್ಚಿ ಕಟ್ಟಿ. ಕಾಯಿ ಇಲ್ಲದ ಕೊಂಬೆಯೇ ಆಗಿರಲಿ. ಆಡು ಅದರ ಹತ್ತಿರ ಬರುವುದಿಲ್ಲ.

ಬೇಸಿಗೆಯಲ್ಲಿ ಒಂದು ಸಸಿಗೆ ವಾರಕ್ಕೆ ಒಂದು ಕೊಡ ನೀರು, ಅಂದರೆ ಸುಮಾರು 15 ಲೀಟರ್. ಮೊದಲ ಬೇಸಿಗೆಯ ಏಪ್ರಿಲ್, ಮೇನಲ್ಲಿ ವಾರಕ್ಕೆ ಎರಡು. ದಿನಾ ಒಂದು ಚೊಂಬು ಹಾಕುವುದಕ್ಕಿಂತ ಇದು ಒಳ್ಳೆಯದು. ನೀರು ಆಳಕ್ಕೆ ಇಳಿದರೆ ಬೇರೂ ಆಳಕ್ಕೆ ಇಳಿಯುತ್ತದೆ. ಪಾತಿಯ ಮೇಲೆ ಮೂರು ಬೆರಳು ದಪ್ಪ ಒಣ ಎಲೆ ಹೊದಿಸಿ. ವಾರವಿಡೀ ಹೋಗಲು ಆಗದಿದ್ದರೆ ತಳಕ್ಕೆ ತೂತು ಕೊರೆದು ಬತ್ತಿ ಸಿಕ್ಕಿಸಿದ ಮಣ್ಣಿನ ಗಡಿಗೆಯನ್ನು ಸಸಿಯ ಪಕ್ಕ ಕುತ್ತಿಗೆಯವರೆಗೆ ಹೂಳಿ, ತುಂಬಿ, ಮೇಲೆ ಮುಚ್ಚಿ.

ಎದುರು ಮನೆಗಳಿಗೆ ಒಂದೊಂದು ಸಸಿ ಒಪ್ಪಿಸಿ. ನಮ್ಮ ಅಜ್ಜಿಗೆ ಈಗ ಐದು ಸಸಿಗಳ ಲೆಕ್ಕ ಇದೆ. ಒಂದು ಬಾಡಿದರೆ ಫೋನ್ ಮಾಡುತ್ತಾರೆ.

ಮುಟ್ಟಬಾರದ ಜಾಗಗಳು

ನಮ್ಮ ಜಿಲ್ಲೆಯ ಕೆಲವು ಜಾಗಗಳಿಗೆ ಪ್ರೀತಿಯಿಂದ ಕೈ ಹಾಕಿದರೂ ಹಾಳಾಗುತ್ತವೆ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದ ಮೇಲೆ 400ರಷ್ಟು ಶಿಲಾಸಮಾಧಿಗಳಿವೆ. ಜನ ಮೊರೇರ ಮನೆ ಅನ್ನುತ್ತಾರೆ. 2021ರಲ್ಲಿ ಅದು ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿತು. ಅಲ್ಲಿ ಒಂದು ಚಪ್ಪಡಿಯನ್ನು ನೆಟ್ಟಗೆ ನಿಲ್ಲಿಸುವುದೂ ತಪ್ಪು, ಕಲ್ಲಿನ ಮೇಲೆ ಬರೆದದ್ದನ್ನು ತಂತಿ ಬ್ರಷ್‌ನಿಂದ ಉಜ್ಜುವುದೂ ತಪ್ಪು. ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕನ ಶಾಸನದ ಬಂಡೆಗಳಿಗೂ ಇದೇ ಮಾತು. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಕಾಯ್ದೆಯ ಪ್ರಕಾರ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಇಲ್ಲವೇ ಎರಡೂ ಆಗಬಹುದು. ಪುರಾತತ್ವ ಇಲಾಖೆಯ ಅನುಮತಿ ಪಡೆದು ದಾರಿಯಲ್ಲಿ ಬಿದ್ದ ಪ್ಲಾಸ್ಟಿಕ್ ಆರಿಸಿ ಬನ್ನಿ, ಅಷ್ಟೇ.

ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹರಿವು 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿವೆ. ಎರಡೂ ಕಡೆ ಅರಣ್ಯ ಇಲಾಖೆ ಕರೆದಾಗ, ಅವರ ಜೊತೆಗೇ ಹೋಗಬೇಕು.

ಹಬ್ಬವನ್ನು ಅಲ್ಲೇ ಮಾಡಿ

ದುಡಿಯಲು ಮಾತ್ರ ಕರೆದರೆ ಜನ ದಣಿಯುತ್ತಾರೆ. ನಾಗರ ಪಂಚಮಿಗೆ ಪಾರ್ಕಿನ ಹಳೆಯ ಹುಣಸೆಗೆ ಜೋಕಾಲಿ ಕಟ್ಟಿ. ಕೊಂಬೆಗೆ ಗೋಣಿಚೀಲ ಸುತ್ತಿ ಅದರ ಮೇಲೆ ಹಗ್ಗ ಹಾಕಿದರೆ ತೊಗಟೆ ಕಿತ್ತು ಬರುವುದಿಲ್ಲ. ದಸರೆಯಲ್ಲಿ ಬನ್ನಿ ಹಂಚುವಾಗ ಕೊಂಬೆ ಮುರಿಯದೆ ಎಲೆ ಮಾತ್ರ ಬಿಡಿಸಿ ಬುಟ್ಟಿಯಲ್ಲಿ ಇಡಿ. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅನ್ನುವವರ ಕೈಗೆ ಮುಂದಿನ ಮಳೆಗೆ ನೆಡಲು ಒಂದು ಬನ್ನಿ ಸಸಿಯ ಚೀಟಿಯನ್ನೂ ಕೊಡಿ. ಎಳ್ಳಮಾವಾಸ್ಯೆಗೆ ಹೊಲ ಇಲ್ಲದ ಮನೆಗಳವರನ್ನು ಪಾರ್ಕಿಗೆ ಕರೆಯಿರಿ. ನಮ್ಮಲ್ಲಿ ಕಳೆದ ಸಲ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಲ್ಲವೂ ಬಂದಿದ್ದವು. ತಟ್ಟೆ ಮನೆಯಿಂದ ತರಲು ಹೇಳಿದ್ದೆವು, ಒಂದು ಚೀಲ ಕಸವೂ ಆಗಲಿಲ್ಲ.

1950ರಲ್ಲಿ ಆಗಿನ ಕೇಂದ್ರ ಕೃಷಿ ಸಚಿವ ಕೆ.ಎಂ. ಮುನ್ಷಿ ಅವರು ಶುರು ಮಾಡಿದ ವನಮಹೋತ್ಸವ ಜುಲೈ ಮೊದಲ ವಾರ ಬರುತ್ತದೆ. ಶಾಲೆಯ ಮಕ್ಕಳನ್ನು ಅವತ್ತು ಕರೆಯಿರಿ. ಹೊಸದಾಗಿ ನೆಡಿಸುವ ಬದಲು ಹೋದ ವರ್ಷ ನೆಟ್ಟ ಸಸಿಗಳ ಎತ್ತರ ಅಳೆಯಿಸಿ. ತನ್ನ ಭುಜಕ್ಕಿಂತ ಮೇಲೆ ಬೆಳೆದ ಹೊಂಗೆಯ ಪಕ್ಕ ನಿಂತ ಮಗು ಆ ಗಿಡವನ್ನು ಮರೆಯುವುದಿಲ್ಲ.

ಒಂದು ವಹಿ ಇಡಿ

ಇನ್ನೂರು ಪುಟದ ನೋಟ್‌ಬುಕ್ ಸಾಕು. ವಾಟ್ಸ್ಆ್ಯಪ್ ಗುಂಪಿನಲ್ಲಿ ಎಲ್ಲವೂ ಮೇಲಕ್ಕೆ ಸರಿದು ಹೋಗುತ್ತದೆ. ಸಸಿಗಳಿಗೆ ನಂಬರ್ ಕೊಟ್ಟು, ನೆಟ್ಟ ದಿನ, ನೀರು ಹಾಕಿದ ವಾರ, ಸತ್ತರೆ ಯಾಕೆ ಸತ್ತಿತು ಎಂಬುದನ್ನು ಬರೆಯಿರಿ. ಬಂದವರ ಹೆಸರು, ಖರ್ಚಿನ ಲೆಕ್ಕ, ಕಂಡ ಹಕ್ಕಿ ಎಲ್ಲವೂ ಅದರಲ್ಲೇ ಇರಲಿ. ವಹಿ ಹಿಡಿಯುವವರನ್ನು ಆರು ತಿಂಗಳಿಗೊಮ್ಮೆ ಬದಲಿಸಿ. ಒಬ್ಬರೇ ಎಲ್ಲ ಹೊತ್ತರೆ ಅವರು ಊರು ಬಿಟ್ಟ ದಿನ ಪಾರ್ಕೂ ಬಿಟ್ಟುಹೋಗುತ್ತದೆ.

ಮುಂದಿನ ಭಾನುವಾರಕ್ಕೆ ನಮ್ಮ ವಹಿಯಲ್ಲಿ ಬರೆದಿರುವುದು ಇಷ್ಟು: 14ನೇ ಸಸಿಯ ಬೇಲಿ ಬಿಗಿ ಮಾಡುವುದು. ಬೆಂಚಿನ ಹಿಂದೆ ಜಾಲಿ ಮರಿ ಎದ್ದಿದೆ, ಕೀಳುವುದು. ನಲ್ಲಿಗೆ ಅರ್ಧ ಇಂಚಿನ ವಾಷರ್ ತರುವುದು.